ಓಡುವ ಬೈಕು, ಪಾಸಾಗುವ ಬೈಕು: ತಪಾಸಣೆಯಲ್ಲಿ ಸಿಕ್ಕಿಬೀಳುವ ದೋಷಗಳ ಕಥೆ

2024ರ ಏಪ್ರಿಲ್ 15ರಂದು ಫ್ರಾನ್ಸಿನಲ್ಲಿ ಮೋಟಾರ್ ಸೈಕಲ್‌ಗಳಿಗೂ ಕಡ್ಡಾಯ ತಪಾಸಣೆ ಜಾರಿಗೆ ಬಂತು. ಸವಾರರು ವರ್ಷಗಟ್ಟಲೆ ಬೀದಿಗಿಳಿದು ವಿರೋಧಿಸಿದ್ದರು, ಸರ್ಕಾರ ಮುಂದೂಡುತ್ತಲೇ ಬಂದಿತ್ತು. ಕೊನೆಗೆ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಪಟ್ಟು ಹಿಡಿದ ಮೇಲೆ ನಿಯಮ ರಸ್ತೆಗಿಳಿಯಿತು. ಅದರ ಬೇರು ಐರೋಪ್ಯ ಒಕ್ಕೂಟದ 2014ರ ನಿರ್ದೇಶನದಲ್ಲಿದೆ. 125 ಸಿಸಿಗಿಂತ ದೊಡ್ಡ ಬೈಕುಗಳನ್ನು 2022ರ ಜನವರಿಯಿಂದ ನಿಯತವಾಗಿ ಪರೀಕ್ಷಿಸಬೇಕು ಎಂದು ಅದು ಹೇಳಿತ್ತು. ಬೇರೆ ಸುರಕ್ಷತಾ ಕ್ರಮ ಕೈಗೊಂಡ ದೇಶಗಳು ತಪ್ಪಿಸಿಕೊಳ್ಳಲು ಒಂದು ಸಣ್ಣ ಬಾಗಿಲನ್ನೂ ಬಿಟ್ಟಿತ್ತು.

ದೇಶದಿಂದ ದೇಶಕ್ಕೆ ಈ ಪರೀಕ್ಷೆಯ ಗಡುವು ಬೇರೆ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಮೂರು ವರ್ಷ ತುಂಬಿದ ಬೈಕು ಪ್ರತಿವರ್ಷ ಹಾಜರಾಗಬೇಕು. ಎಂಒಟಿ ಎಂದು ಕರೆಯುವ ಈ ಪರೀಕ್ಷೆ 1960ರಲ್ಲಿ ಹತ್ತು ವರ್ಷ ದಾಟಿದ ಹಳೆಯ ವಾಹನಗಳಿಗಾಗಿ ಆರಂಭವಾಗಿತ್ತು. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ. ಜಪಾನಿನಲ್ಲಿ 250 ಸಿಸಿ ಮೀರಿದ ಬೈಕುಗಳಿಗೆ ಮೊದಲು ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಫ್ರಾನ್ಸಿನ ಹೊಸ ನಿಯಮದಲ್ಲಿ ಮೊದಲ ಪರೀಕ್ಷೆ ಐದು ವರ್ಷದೊಳಗೆ, ನಂತರ ಮೂರು ವರ್ಷಕ್ಕೊಮ್ಮೆ. ಭಾರತದಲ್ಲಿ ಖಾಸಗಿ ದ್ವಿಚಕ್ರ ವಾಹನದ ನೋಂದಣಿಯ ಹದಿನೈದು ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ನವೀಕರಿಸುವಾಗ ಈ ಪ್ರಶ್ನೆ ಎದುರಾಗುತ್ತದೆ.

ಗಡುವು ಎಷ್ಟೇ ಇರಲಿ, ಬೈಕು ಫೇಲಾದವರ ಮುಖದಲ್ಲಿ ಕಾಣುವ ಗೊಂದಲ ಮಾತ್ರ ಒಂದೇ. ಒಂದು ದಿನವೂ ಕೈಕೊಡದ ಗಾಡಿ ಫೇಲಾಗಿದ್ದು ಹೇಗೆ?

ಎರಡು ಬೇರೆ ಪ್ರಶ್ನೆಗಳು

ಬೈಕು ನಂಬಿಕಸ್ತ ಎಂದರೆ ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ, ದಾರಿಯಲ್ಲಿ ನಿಲ್ಲುವುದಿಲ್ಲ, ಎಂಜಿನ್ ಬಹುಕಾಲ ಬಾಳುತ್ತದೆ ಎಂದರ್ಥ. ತಪಾಸಣೆ ಕೇಳುವ ಪ್ರಶ್ನೆ ಇದಲ್ಲ. ಈ ಗಾಡಿ ಇವತ್ತು ಸರಿಯಾಗಿ ನಿಲ್ಲುತ್ತದೆಯೇ, ತಿರುಗುತ್ತದೆಯೇ, ಇತರರಿಗೆ ಕಾಣಿಸುತ್ತದೆಯೇ, ರಸ್ತೆಯನ್ನು ಹಿಡಿದುಕೊಂಡಿರುತ್ತದೆಯೇ ಎಂಬುದಷ್ಟೇ ಅದರ ಕಾಳಜಿ. ಎಂಜಿನ್, ಕ್ಲಚ್ ಮತ್ತು ಗೇರ್‌ಬಾಕ್ಸಿನ ಸ್ಥಿತಿ ತಮ್ಮ ಪರೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಬ್ರಿಟನ್ನಿನ ಸರ್ಕಾರವೇ ಸ್ಪಷ್ಟವಾಗಿ ಹೇಳುತ್ತದೆ.

ಒಂದು ಉದಾಹರಣೆ. ಎಂಜಿನ್ ತಿರುಗುವಾಗ ಅದರ ಪಕ್ಕದಲ್ಲಿರುವ ಆಲ್ಟರ್ನೇಟರ್ ವಿದ್ಯುತ್ ಹುಟ್ಟಿಸುತ್ತದೆ. ಆ ವಿದ್ಯುತ್ತು ಬ್ಯಾಟರಿಗೆ ನೇರವಾಗಿ ಹೋಗುವಂತಿಲ್ಲ, ಏಕೆಂದರೆ ಅದು ಏಕಮುಖ ಪ್ರವಾಹವಲ್ಲ, ವೇಗ ಹೆಚ್ಚಿದಂತೆ ಅದರ ವೋಲ್ಟೇಜೂ ಏರುತ್ತದೆ. ನಡುವೆ ನಿಂತು ಅದನ್ನು ಏಕಮುಖವಾಗಿಸಿ, ಹದಿನಾಲ್ಕು ವೋಲ್ಟಿನ ಆಸುಪಾಸಿನಲ್ಲಿ ಹಿಡಿದಿಡುವ ಸಣ್ಣ ಪೆಟ್ಟಿಗೆಯೇ ರೆಗ್ಯುಲೇಟರ್ ರೆಕ್ಟಿಫೈಯರ್. ಎಷ್ಟೋ ಬೈಕುಗಳಲ್ಲಿ ಇದು ಹೆಚ್ಚುವರಿ ವಿದ್ಯುತ್ತನ್ನು ಶಾಖವಾಗಿ ಸುಡುತ್ತದೆ. ಆದ್ದರಿಂದಲೇ ಅದರ ಮೈಮೇಲೆ ಲೋಹದ ರೆಕ್ಕೆಗಳಿರುತ್ತವೆ. ಗಾಳಿ ಸರಿಯಾಗಿ ಸೋಕದ ಕಡೆ ಅದನ್ನು ಕೂರಿಸಿದ್ದರೆ ಬಿಸಿಯಾಗಿ ಬಿಸಿಯಾಗಿ ಒಂದು ದಿನ ಸಾಯುತ್ತದೆ. ಆಗ ಬ್ಯಾಟರಿ ಬರಿದಾಗಿ ಬೈಕು ನಡುದಾರಿಯಲ್ಲಿ ನಿಲ್ಲುತ್ತದೆ. ಹಿಂದಿನ ದಿನವಷ್ಟೇ ತಪಾಸಣೆಯಲ್ಲಿ ಪಾಸಾಗಿದ್ದರೂ ಅಚ್ಚರಿಯಿಲ್ಲ. ಅದನ್ನು ಅಲ್ಲಿ ಯಾರೂ ನೋಡುವುದಿಲ್ಲ.

ಇದರ ತಿರುಗುಮುರುಗೂ ನಿಜ. ಗಡಿಯಾರದಂತೆ ಓಡುವ ಎಂಜಿನ್ನಿನ ಬೈಕು ಒಂದು ಸತ್ತ ಬಲ್ಬಿಗೆ ಫೇಲಾಗುತ್ತದೆ. ನನ್ನ ಪ್ರಕಾರ ಈಗಿನ ಬೈಕುಗಳ ದೊಡ್ಡ ತೊಡಕೇ ಇದು. ಕಾಂಟ್ಯಾಕ್ಟ್ ಪಾಯಿಂಟ್ ಮತ್ತು ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಎಂಜಿನ್ ಆಗಾಗ ಮುನಿಸಿಕೊಳ್ಳುತ್ತಿತ್ತು. ಅದನ್ನು ಸರಿಪಡಿಸಲು ಪಾನಾ ಹಿಡಿದು ಕುಳಿತವನ ಕಣ್ಣಿಗೆ ಸಡಿಲವಾದ ಚೈನು, ಸವೆದ ಬ್ರೇಕು ಎಲ್ಲವೂ ಬೀಳುತ್ತಿದ್ದವು. ಎಲೆಕ್ಟ್ರಾನಿಕ್ ಇಗ್ನಿಷನ್ ಮತ್ತು ಫ್ಯೂಯೆಲ್ ಇಂಜೆಕ್ಷನ್ ಬಂದ ಮೇಲೆ ಎಂಜಿನ್ ಸುಮ್ಮನಾಯಿತು, ಸವಾರನೂ ಸುಮ್ಮನಾದ. ಚೈನು, ಟೈರು, ಬ್ರೇಕ್ ಪ್ಯಾಡುಗಳು ಮಾತ್ರ ಮೊದಲಿನಂತೆಯೇ ಸವೆಯುತ್ತಿವೆ.

ಪರೀಕ್ಷಕರು ಏನನ್ನು ಮುಟ್ಟುತ್ತಾರೆ

ತಪಾಸಣೆಯಲ್ಲಿ ಏನನ್ನೂ ಬಿಚ್ಚುವುದಿಲ್ಲ. ನೋಡುವುದು, ಅಲುಗಾಡಿಸುವುದು, ತಿರುಗಿಸುವುದು, ಅಳೆಯುವುದು, ಇಷ್ಟೇ. ಯಂತ್ರದ ನೆರವು ಮುಖ್ಯವಾಗಿ ಬೇಕಾಗುವುದು ಬ್ರೇಕಿಗೆ ಮತ್ತು ಹೆಡ್‌ಲೈಟಿನ ಬೆಳಕು ಬೀಳುವ ಎತ್ತರಕ್ಕೆ.

ಬ್ರೇಕಿನ ಅಳತೆಯನ್ನು ಶೇಕಡಾವಾರು ದಕ್ಷತೆಯಲ್ಲಿ ಹೇಳುತ್ತಾರೆ. ಬ್ರೇಕು ಹುಟ್ಟಿಸುವ ತಡೆಯ ಬಲವು ಗಾಡಿಯ ತೂಕದ ಎಷ್ಟು ಪಾಲು ಎಂಬುದೇ ಆ ಸಂಖ್ಯೆ. ಬೈಕು ಮತ್ತು ಸವಾರ ಸೇರಿ 250 ಕಿಲೋ ಇದ್ದು, ಮುಂದಿನ ಬ್ರೇಕು 75 ಕಿಲೋ ತೂಕಕ್ಕೆ ಸಮನಾದ ತಡೆ ಕೊಟ್ಟರೆ ದಕ್ಷತೆ ಶೇ. 30. ಬ್ರಿಟನ್ನಿನಲ್ಲಿ ಒಂದು ಬ್ರೇಕು ಕನಿಷ್ಠ ಶೇ. 30, ಇನ್ನೊಂದು ಕನಿಷ್ಠ ಶೇ. 25 ತೋರಿಸಬೇಕು. ಇದು ಉದಾರವಾದ ಗೆರೆ. ಸುಸ್ಥಿತಿಯ ಡಿಸ್ಕ್ ಬ್ರೇಕು ಇದನ್ನು ಸುಲಭವಾಗಿ ದಾಟುತ್ತದೆ. ಈ ಗೆರೆಯನ್ನೂ ಮುಟ್ಟದ ಬ್ರೇಕೆಂದರೆ ಬಹಳ ದಿನಗಳಿಂದ ಹದಗೆಟ್ಟಿದೆ ಎಂದೇ ಲೆಕ್ಕ.

ಸಿಕ್ಕ ದೋಷಗಳನ್ನು ಯುರೋಪಿನ ಪದ್ಧತಿಯಲ್ಲಿ ಅಲ್ಪ, ಗಂಭೀರ, ಅಪಾಯಕಾರಿ ಎಂದು ಮೂರಾಗಿ ವಿಂಗಡಿಸುತ್ತಾರೆ. ಬ್ರಿಟನ್ 2018ರ ಮೇ ತಿಂಗಳಿನಿಂದ ಇದನ್ನೇ ಅನುಸರಿಸುತ್ತಿದೆ. ಅಲ್ಪ ದೋಷವಿದ್ದರೂ ಗಾಡಿ ಪಾಸು. ಗಂಭೀರವಾದರೆ ಫೇಲು. ಅಪಾಯಕಾರಿ ಎಂದಾದರೆ ದುರಸ್ತಿಯಾಗುವವರೆಗೆ ಓಡಿಸುವಂತೆಯೇ ಇಲ್ಲ. ಇವಲ್ಲದೆ ಬ್ರಿಟನ್ನಿನಲ್ಲಿ ಬರೀ ಸೂಚನೆಯೂ ಉಂಟು: ಈಗ ಸರಿಯಿದೆ, ಆದರೆ ಸವೆಯುತ್ತಿದೆ, ಗಮನವಿರಲಿ ಎಂದು ಬರೆದುಕೊಡುವ ಸಾಲು. ಜನ ಓದದೆ ಮಡಚಿಡುವುದು ಇದನ್ನೇ, ಕಾಗದದಲ್ಲಿ ಹೆಚ್ಚು ಬೆಲೆಬಾಳುವುದೂ ಇದೇ.

ದೀಪಗಳು ಏಕೆ ಮೊದಲ ಸ್ಥಾನದಲ್ಲಿವೆ

ಬ್ರಿಟನ್ನಿನ ಪರೀಕ್ಷಾ ಅಂಕಿಅಂಶಗಳಲ್ಲಿ ಎರಡು ಸಂಗತಿ ಎದ್ದು ಕಾಣುತ್ತವೆ. ಕಾರುಗಳಿಗಿಂತ ಬೈಕುಗಳು ಕಡಿಮೆ ಪ್ರಮಾಣದಲ್ಲಿ ಫೇಲಾಗುತ್ತವೆ. ಫೇಲಾದ ಬೈಕುಗಳಲ್ಲಿ ಕಾರಣಗಳ ಪಟ್ಟಿಯ ತಲೆಯಲ್ಲಿ ದೀಪ ಮತ್ತು ಇಂಡಿಕೇಟರ್‌ಗಳು ಕುಳಿತಿರುತ್ತವೆ.

ಬೈಕು ಕಂಪಿಸುವ ಯಂತ್ರ. ಬಲ್ಬಿನೊಳಗಿನ ತಂತಿ ಕೂದಲೆಳೆಯಷ್ಟು ತೆಳು, ಬಿಸಿಯಾದಾಗ ಮೆತ್ತಗಾಗಿರುತ್ತದೆ, ಅಂಥ ಹೊತ್ತಿನಲ್ಲೇ ನಡುಗುತ್ತದೆ. ಕಾರಿನಲ್ಲಿ ಬಾನೆಟ್ಟಿನ ಮರೆಯಲ್ಲಿರುವ ಕನೆಕ್ಟರುಗಳು ಇಲ್ಲಿ ಮಳೆಗೆ, ಧೂಳಿಗೆ, ತೊಳೆಯುವ ಪೈಪಿನ ನೀರಿಗೆ ಒಡ್ಡಿಕೊಂಡಿರುತ್ತವೆ. ಹಿತ್ತಾಳೆಯ ತುದಿಗಳ ಮೇಲೆ ಹಸಿರು ಕಿಲುಬು ಕಟ್ಟಿ ವಿದ್ಯುತ್ತು ಸರಿಯಾಗಿ ಹರಿಯುವುದಿಲ್ಲ. ಹೆಡ್‌ಲೈಟಿನ ಹಿಂದೆ, ಹ್ಯಾಂಡಲ್ಲಿನ ಬುಡದಲ್ಲಿ ಹಾದುಹೋಗುವ ವೈರುಗಳ ಗೊಂಚಲಂತೂ ಪ್ರತಿ ತಿರುವಿಗೂ ಬಾಗುತ್ತದೆ. ವರ್ಷಗಳ ಮೇಲೆ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿದುಹೋಗುತ್ತವೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಹೊಸದರಂತೆ ಇರುತ್ತದೆ. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಉರಿದು, ಬಲಕ್ಕೆ ತಿರುಗಿಸಿದಾಗ ಆರುವ ದೀಪದ ರಹಸ್ಯ ಹೆಚ್ಚಾಗಿ ಇಲ್ಲೇ ಇರುತ್ತದೆ.

ಬ್ರೇಕ್ ಲೈಟಿನದು ಇನ್ನೊಂದು ಬಗೆ. ಅದಕ್ಕೆ ಎರಡು ಸ್ವಿಚ್ಚುಗಳು, ಮುಂದಿನ ಲಿವರಿನ ಬುಡದಲ್ಲಿ ಒಂದು, ಹಿಂದಿನ ಪೆಡಲಿಗೆ ಸ್ಪ್ರಿಂಗಿನಿಂದ ಕಟ್ಟಿದ್ದು ಇನ್ನೊಂದು. ಎರಡೂ ಪ್ರತ್ಯೇಕವಾಗಿ ದೀಪ ಹೊತ್ತಿಸಬೇಕು. ಸವಾರ ಸಾಮಾನ್ಯವಾಗಿ ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿಯುವುದರಿಂದ ಒಂದು ಸತ್ತರೂ ಇನ್ನೊಂದು ಅದನ್ನು ಮುಚ್ಚಿಹಾಕುತ್ತದೆ. ದೀಪವಿರುವುದೂ ಬೆನ್ನ ಹಿಂದೆ. ಪರೀಕ್ಷಕರು ಒಂದೊಂದನ್ನೇ ಒತ್ತಿದಾಗ ಗುಟ್ಟು ಹೊರಬೀಳುತ್ತದೆ.

ಹೆಡ್‌ಲೈಟ್ ಉರಿದರಷ್ಟೇ ಸಾಲದು, ಬೆಳಕು ಸರಿಯಾದ ಕಡೆ ಬೀಳಬೇಕು. ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ರಿಫ್ಲೆಕ್ಟರಿನ ಬಾಗು, ಬೆಳಕು ಒಂದು ನಿರ್ದಿಷ್ಟ ಬಿಂದುವಿನಿಂದ ಹೊರಡುತ್ತದೆ ಎಂಬ ಲೆಕ್ಕದ ಮೇಲೆ ನಿಂತಿದೆ. ಅಲ್ಲಿ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕಿನ ಮೂಲ ಆ ಬಿಂದುವಿನಿಂದ ಆಚೀಚೆಯಾಗಿ ಕಿರಣಗಳು ಚದುರುತ್ತವೆ. ಮುಂದಿನ ರಸ್ತೆ ಬೆಳ್ಳಗೆ ಹೊಳೆಯುತ್ತದೆ, ಎದುರಿನವನ ಕಣ್ಣು ಕತ್ತಲಾಗುತ್ತದೆ.

ಬ್ರೇಕಿನಲ್ಲಿ ಕಾಣುವುದು, ಕಾಣದಿರುವುದು

ಪ್ಯಾಡಿನ ದಪ್ಪ, ಡಿಸ್ಕಿನ ಗೀರು, ಹೋಸಿನ ಬಿರುಕು ಕಣ್ಣಿಗೆ ಕಾಣುತ್ತವೆ. ಡಿಸ್ಕಿನ ಮೇಲೆಯೇ ಅದು ಸವೆಯಬಹುದಾದ ಕನಿಷ್ಠ ದಪ್ಪವನ್ನು ತಯಾರಕರು ಅಚ್ಚೊತ್ತಿರುವುದುಂಟು, ಒಮ್ಮೆ ಟಾರ್ಚ್ ಹಿಡಿದು ನೋಡಿ. ಹೆಚ್ಚು ಕಾಟ ಕೊಡುವುದು ಕ್ಯಾಲಿಪರ್. ಪ್ಯಾಡನ್ನು ಒತ್ತುವ ಪಿಸ್ಟನ್ ಸುತ್ತ ಧೂಳು ಮತ್ತು ತುಕ್ಕು ಸೇರಿದರೆ, ಲಿವರ್ ಬಿಟ್ಟ ಮೇಲೂ ಅದು ಹಿಂದೆ ಸರಿಯುವುದಿಲ್ಲ. ಪ್ಯಾಡು ಡಿಸ್ಕಿಗೆ ಒರೆಸಿಕೊಂಡೇ ಓಡುತ್ತದೆ. ಚಕ್ರವನ್ನು ನೆಲದಿಂದ ಎತ್ತಿ ಕೈಯಲ್ಲಿ ತಿರುಗಿಸಿದಾಗ ಬೇಗ ನಿಂತುಬಿಟ್ಟರೆ ಇದೇ ಅನುಮಾನ.

ಕಣ್ಣಿಗೆ ಕಾಣದ್ದು ಬ್ರೇಕ್ ಆಯಿಲಿನ ಗುಣ. ಸಾಮಾನ್ಯವಾಗಿ ಬಳಸುವ ಡಾಟ್ 4 ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಸ್ವಭಾವವಿದೆ. ಹೊಸತಾಗಿದ್ದಾಗ ಅದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಸ್ಥಿತಿಗೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕು ಕಾದು ದ್ರವ ಕುದಿದರೆ ಒಳಗೆ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಲಿವರ್ ಹ್ಯಾಂಡಲ್ಲಿಗೆ ತಾಗಿದರೂ ಬ್ರೇಕು ಹಿಡಿಯುವುದಿಲ್ಲ. ತಪಾಸಣಾ ಕೊಠಡಿಯ ತಣ್ಣನೆಯ ನೆಲದ ಮೇಲೆ ಇಂಥ ಬೈಕು ನಿರಾಯಾಸವಾಗಿ ಪಾಸಾಗುತ್ತದೆ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಬೇಕೆಂದು ಹೆಚ್ಚಿನ ಕೈಪಿಡಿಗಳು ಹೇಳುವುದು ಇದಕ್ಕಾಗಿಯೇ.

ಹ್ಯಾಂಡಲ್ಲಿನ ಬುಡದ ಗುಳಿ

ಓಡಿಸುವವನಿಗೆ ತಿಳಿಯದೆ ಬೆಳೆಯುವ ದೋಷಗಳಲ್ಲಿ ಇದು ಮೊದಲನೆಯದು. ಹ್ಯಾಂಡಲ್ ಮತ್ತು ಮುಂದಿನ ಫೋರ್ಕ್ ಒಟ್ಟಾಗಿ ತಿರುಗುವುದು ಚಾಸಿಯ ಕತ್ತಿನಲ್ಲಿರುವ ಎರಡು ಬೇರಿಂಗುಗಳ ಮೇಲೆ. ಸಣ್ಣ ಬೈಕುಗಳಲ್ಲಿ ಅಲ್ಲಿ ಉಕ್ಕಿನ ಗುಂಡುಗಳಿರುತ್ತವೆ, ಆ ಗುಂಡುಗಳು ಕೂರುವ ಬಳೆಗಳಿರುತ್ತವೆ. ಚಕ್ರದ ಬೇರಿಂಗ್ ಸುತ್ತುತ್ತಲೇ ಇರುವುದರಿಂದ ಅದರ ಸವೆತ ಎಲ್ಲೆಡೆ ಹಂಚಿಹೋಗುತ್ತದೆ. ಹ್ಯಾಂಡಲ್ಲಿನದು ಹಾಗಲ್ಲ. ಬೈಕು ಬಹುಪಾಲು ನೇರವಾಗಿ ಓಡುವುದರಿಂದ ಗುಂಡುಗಳು ಹೆಚ್ಚೂಕಡಿಮೆ ಒಂದೇ ಜಾಗದಲ್ಲಿ ಕುಳಿತಿರುತ್ತವೆ. ರಸ್ತೆಯ ಪ್ರತಿ ಹೊಂಡದ ಏಟೂ ಅದೇ ಜಾಗಕ್ಕೆ ಬೀಳುತ್ತದೆ, ಅಲ್ಲಿನ ಗ್ರೀಸು ಪಕ್ಕಕ್ಕೆ ಸರಿಯುತ್ತದೆ. ಕುಟ್ಟಿ ಕುಟ್ಟಿ ಒರಳಿನಲ್ಲಿ ಗುಳಿ ಬೀಳುವಂತೆ ಬಳೆಯಲ್ಲಿ ಸಣ್ಣ ಗುಳಿಗಳು ಬೀಳುತ್ತವೆ.

ಪರೀಕ್ಷಕರು ಇದನ್ನು ಹಿಡಿಯುವ ಬಗೆ ನೋಡಲು ಚೆನ್ನ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಹ್ಯಾಂಡಲ್ಲನ್ನು ಎರಡು ಬೆರಳಿನಲ್ಲಿ ಹಿಡಿದು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸುತ್ತಾರೆ. ಕೇಬಲ್ಲು ಎಲ್ಲೂ ಎಳೆಯಬಾರದು, ಹ್ಯಾಂಡಲ್ ಟ್ಯಾಂಕಿಗೆ ತಾಗಬಾರದು. ಗುಳಿ ಬಿದ್ದಿದ್ದರೆ ನಟ್ಟನಡುವೆ ಬಂದಾಗ ಹ್ಯಾಂಡಲ್ ಕಟ್ಟೆಂದು ತಾನಾಗಿ ಕೂತುಕೊಳ್ಳುತ್ತದೆ. ಆಮೇಲೆ ನೆಲದ ಮೇಲೆ ಮಂಡಿಯೂರಿ ಫೋರ್ಕಿನ ಕೆಳತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಎಳೆಯುತ್ತಾರೆ. ಸಡಿಲವಿದ್ದರೆ ಟಕ್ ಎಂಬ ಸದ್ದು ಕೇಳದಿದ್ದರೂ ಕೈಗೆ ತಿಳಿಯುತ್ತದೆ.

ಸವಾರನಿಗೇಕೆ ತಿಳಿಯುವುದಿಲ್ಲ? ತಿಂಗಳುಗಟ್ಟಲೆ ಎಳ್ಳಷ್ಟೆಳ್ಳಷ್ಟೇ ಕೆಡುವುದಕ್ಕೆ ಕೈ ಒಗ್ಗಿಹೋಗುತ್ತದೆ. ನೇರ ರಸ್ತೆಯಲ್ಲೂ ಬೈಕು ಸಣ್ಣಗೆ ಅತ್ತಿತ್ತ ತೂಗುತ್ತಿದ್ದರೆ, ರಸ್ತೆಯೇ ಹಾಗಿದೆ ಎಂದುಕೊಂಡು ಮುಂದೆ ಸಾಗುತ್ತಾನೆ. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಶ್ಶುಗಳದೂ ಇದೇ ಕಥೆ. ಚಕ್ರವನ್ನು ಪಕ್ಕಕ್ಕೆ ತಳ್ಳಿ ಎಳೆದರೆ ಅದರ ಸಡಿಲ ಗೊತ್ತಾಗುತ್ತದೆ.

ಫೋರ್ಕಿನ ಆಯಿಲ್ ಸೀಲ್ ಸೋರುವುದು ಮಾತ್ರ ಯಾರ ಕಣ್ಣಿಗೂ ಕಾಣಬೇಕು. ಹೊಳೆಯುವ ಕೊಳವೆಯ ಮೇಲೆ ಎಣ್ಣೆಯ ಉಂಗುರ, ಅದಕ್ಕಂಟಿದ ಧೂಳು. ಕೊಳವೆಯ ಕ್ರೋಮಿನಲ್ಲಿ ತುಕ್ಕಿನ ಚುಕ್ಕೆ ಎದ್ದಿದ್ದರೆ ಅದು ಹೊಸ ಸೀಲನ್ನೂ ಬೇಗನೆ ಹರಿಯುತ್ತದೆ. ಆದ್ದರಿಂದ ಸೀಲ್ ಬದಲಿಸಿದ ಮೇಲೂ ಸೋರಿದರೆ ಮೆಕ್ಯಾನಿಕ್ಕನ್ನು ಬೈಯುವ ಮೊದಲು ಕೊಳವೆಯ ಮೇಲೆ ಬೆರಳಾಡಿಸಿ ನೋಡಬೇಕು. ಸೋರಿದ ಎಣ್ಣೆ ಇಳಿಯುವುದು ಬ್ರೇಕ್ ಡಿಸ್ಕಿನ ಕಡೆಗೆ ಎಂಬುದೇ ಇದರ ನಿಜವಾದ ಅಪಾಯ.

ಚೈನು ಮತ್ತು ಟೈರು

ಚೈನು ಉದ್ದವಾಗಿದೆ ಎನ್ನುತ್ತೇವೆ, ಆದರೆ ಉಕ್ಕು ಹಿಗ್ಗಿರುವುದಿಲ್ಲ. ಪ್ರತಿ ಕೊಂಡಿಯ ಪಿನ್ನು ಮತ್ತು ಅದರ ಸುತ್ತಲಿನ ಬುಶ್ ಒಂದಿಷ್ಟು ಸವೆದು, ನೂರಕ್ಕೂ ಹೆಚ್ಚು ಕೊಂಡಿಗಳ ಸವೆತ ಕೂಡಿದಾಗ ಚೈನು ಜೋತುಬೀಳುತ್ತದೆ. ಹಿಂದಿನ ಸ್ಪ್ರಾಕೆಟ್ಟಿನ ಹಿಂತುದಿಯಲ್ಲಿ ಚೈನನ್ನು ಬೆರಳಿನಿಂದ ಹೊರಕ್ಕೆ ಎಳೆದು ನೋಡಿ. ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಬಯಲಾದರೆ ಅದರ ಆಯುಸ್ಸು ಮುಗಿದಿದೆ. ಹಲ್ಲುಗಳು ಕೊಕ್ಕೆಯಂತೆ ಒಂದೇ ದಿಕ್ಕಿಗೆ ಬಾಗಿದ್ದರೆ ಸ್ಪ್ರಾಕೆಟ್ಟುಗಳದೂ ಮುಗಿದಿದೆ. ಬಿಗಿ ಮಾಡಿದ್ದೇ ಒಳ್ಳೆಯದು ಎಂಬ ಭಾವನೆಯೂ ತಪ್ಪು. ಸವಾರ ಕೂತಾಗ, ಹೊಂಡ ಹಾರಿದಾಗ ಚೈನು ಇನ್ನಷ್ಟು ಬಿಗಿಯಾಗಿ ಬೇರಿಂಗುಗಳನ್ನು ಹಿಂಡುತ್ತದೆ. 1958ರಲ್ಲಿ ಬಂದ ಹೊಂಡಾ ಸೂಪರ್ ಕಬ್ ಚೈನನ್ನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟಿತ್ತು. ಧೂಳಿನಿಂದ ಚೈನನ್ನು ಕಾಯುವ ಅಂಥ ಕವಚ ದೊಡ್ಡ ಬೈಕುಗಳಲ್ಲಿ ಅಪರೂಪ. ಅಂದಕ್ಕೆ ತೆತ್ತ ಬೆಲೆ ಎನ್ನೋಣ.

ಟೈರಿನ ಗೀರುಗಳಿಗೆ ಬ್ರಿಟನ್ನಿನಲ್ಲಿ 50 ಸಿಸಿಗಿಂತ ದೊಡ್ಡ ಬೈಕುಗಳಿಗೆ 1 ಮಿಲಿಮೀಟರ್, ಜರ್ಮನಿಯಲ್ಲಿ 1.6 ಮಿಲಿಮೀಟರ್ ಕನಿಷ್ಠ ಆಳ. ಹೆದ್ದಾರಿಯಲ್ಲೇ ಓಡುವ ಬೈಕಿನ ಟೈರು ನಡುವೆ ಚಪ್ಪಟೆಯಾಗಿ, ಅಂಚಿನಲ್ಲಿ ಹೊಸದರಂತೆ ಉಳಿಯುತ್ತದೆ. ಅಂಚನ್ನು ನೋಡಿ ಸಮಾಧಾನಪಡುವವರೇ ಹೆಚ್ಚು. ಪಕ್ಕದ ಗೋಡೆಯ ಮೇಲಿರುವ ನಾಲ್ಕು ಅಂಕೆ ಟೈರು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತದೆ: 3519 ಎಂದರೆ 2019ರ ಮೂವತ್ತೈದನೇ ವಾರ. ಕಡಿಮೆ ಓಡಿದ ಬೈಕಿನಲ್ಲಿ ಗೀರು ಆಳವಾಗಿಯೇ ಇದ್ದು ರಬ್ಬರು ಮಾತ್ರ ಗಟ್ಟಿಯಾಗಿರುತ್ತದೆ.

ಫೇಲಾದ ಲೆಕ್ಕದಿಂದ ಕಂಪನಿಯನ್ನು ಅಳೆಯಬಹುದೇ?

ಯಾವ ಮಾದರಿ ಎಷ್ಟು ಫೇಲಾಯಿತು ಎಂಬ ಪಟ್ಟಿಗಳು ಓದಲು ರುಚಿಯಾಗಿರುತ್ತವೆ, ಆದರೆ ಎಚ್ಚರ ಬೇಕು. ದಿನವಿಡೀ ಊಟದ ಡಬ್ಬಿ ಸಾಗಿಸುವ 125 ಸಿಸಿ ಬೈಕನ್ನೂ, ಬಿಸಿಲಿದ್ದ ಭಾನುವಾರ ಮಾತ್ರ ಹೊರಬರುವ ದುಬಾರಿ ಬೈಕನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತಾಗುತ್ತದೆ. ಮೊದಲನೆಯದು ಹೆಚ್ಚು ಫೇಲಾದರೆ ಅದು ದುಡಿಮೆಯ ಗುರುತು, ತಯಾರಿಕೆಯ ದೋಷವೆಂದು ಹೇಳಲಾಗದು. ತಪಾಸಣೆಗೆ ಮುನ್ನ ಸರ್ವಿಸ್ ಮಾಡಿಸುವ ಮಾಲೀಕರ ದೋಷಗಳು ಲೆಕ್ಕಕ್ಕೇ ಬರುವುದಿಲ್ಲ. ಪೂರ್ತಿ ಕೆಟ್ಟು ಮೂಲೆ ಸೇರಿದ ಬೈಕು ಪರೀಕ್ಷೆಗೇ ಬರುವುದಿಲ್ಲ. ಹೀಗಾಗಿ ಬಹಳ ಹಳೆಯ ಮಾದರಿಗಳಲ್ಲಿ ಉಳಿದಿರುವುದೇ ಮುದ್ದಿನಿಂದ ಸಾಕಿದವು. ಎಂಜಿನ್ನಂತೂ ಈ ಲೆಕ್ಕದಿಂದ ಹೊರಗಿದೆ ಎಂದು ಆಗಲೇ ನೋಡಿದೆವು.

ಒಂದೇ ಮಾದರಿಯ, ಒಂದೇ ವಯಸ್ಸಿನ, ಹತ್ತಿರ ಹತ್ತಿರ ಕಿಲೋಮೀಟರ್ ಓಡಿದ ಬೈಕುಗಳಲ್ಲಿ ಒಂದೇ ಭಾಗ ಮತ್ತೆ ಮತ್ತೆ ಸೋತರೆ ಮಾತ್ರ ಬೆರಳು ತಯಾರಕರ ಕಡೆ ತಿರುಗಬಹುದು.

ಹಳೆಯ ಬೈಕಿನ ಜಾತಕ

ಈ ದಾಖಲೆಗಳು ನಿಜಕ್ಕೂ ಕೆಲಸಕ್ಕೆ ಬರುವುದು ಸೆಕೆಂಡ್ ಹ್ಯಾಂಡ್ ಬೈಕು ಕೊಳ್ಳುವಾಗ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೋಂದಣಿ ಸಂಖ್ಯೆ ಗೊತ್ತಿದ್ದರೆ ಸಾಕು, 2005ರಿಂದೀಚೆಗಿನ ಪರೀಕ್ಷೆಗಳ ಫಲಿತಾಂಶವನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಪ್ರತಿ ಪರೀಕ್ಷೆಯಲ್ಲೂ ಮೀಟರಿನ ಓಟ ದಾಖಲಾಗುವುದರಿಂದ, ಒಂದು ವರ್ಷದ ಅಂಕಿ ಹಿಂದಿನದಕ್ಕಿಂತ ಕಡಿಮೆಯಿದ್ದರೆ ಮೀಟರನ್ನು ಬದಲಿಸಿದ್ದಾರೆ ಅಥವಾ ತಿರುಚಿದ್ದಾರೆ ಎಂದರ್ಥ. ಬರೆದುಕೊಳ್ಳುವಾಗಿನ ತಪ್ಪೂ ಇರಬಹುದು, ಮುಂದಿನ ವರ್ಷದ ಅಂಕಿಯೊಂದಿಗೆ ತಾಳೆ ನೋಡಿದರೆ ಗೊತ್ತಾಗುತ್ತದೆ.

ಪಾಸು ಫೇಲಿಗಿಂತ ಸೂಚನೆಗಳ ಸಾಲನ್ನು ನಿಧಾನವಾಗಿ ಓದಬೇಕು. ಒಂದು ವರ್ಷ ಬಲ್ಬಿಗೆ ಫೇಲಾಗಿ ಅದೇ ದಿನ ಪಾಸಾದ ಬೈಕಿನ ಬಗ್ಗೆ ಚಿಂತೆ ಬೇಡ. ಸ್ಟೀರಿಂಗ್ ಬೇರಿಂಗ್ ಸ್ವಲ್ಪ ಸಡಿಲ ಎಂಬ ಸಾಲು ಮೂರು ವರ್ಷ ಒಂದೇ ಸಮನೆ ಬಂದು, ಒಮ್ಮೆಯೂ ಫೇಲಾಗದೆ ಸಾಗಿರುವ ಬೈಕು ಬೇರೆಯ ಕಥೆ ಹೇಳುತ್ತದೆ. ಮಾಲೀಕನು ಕಾಗದವನ್ನು ಓದಿಲ್ಲ, ಅಥವಾ ಓದಿಯೂ ಬಿಟ್ಟಿದ್ದಾನೆ. ಅಂಥವನು ಎಂಜಿನ್ ಆಯಿಲ್ ಸಮಯಕ್ಕೆ ಬದಲಿಸಿದ್ದಾನೆಯೇ ಎಂಬುದು ಆ ದಾಖಲೆಯಲ್ಲಿ ಸಿಗುವುದಿಲ್ಲ. ಅದಕ್ಕೆ ಸರ್ವಿಸ್ ಬಿಲ್ಲುಗಳನ್ನೇ ಕೇಳಬೇಕು.